ಕುಳ್ಳರ ಕೋಟೆ ಮತ್ತು ಕಾಯುವ ವಿದ್ಯೆ

ಗಣಕಯಂತ್ರದ ಆಟಗಳ ಬಗ್ಗೆ ಈ ಮೇಷ್ಟ್ರಿಗೇನು ಗೊತ್ತು ಎಂದು ನೀವು ನಗಬಹುದು. ನಾನು ಆಡಿದವನಲ್ಲ, ಆಡುವವನ ಪಕ್ಕದಲ್ಲಿ ಕುಳಿತು ನೋಡಿದವನು. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದಲು ನಮ್ಮ ಮನೆಯಲ್ಲಿದ್ದ ದಿನಗಳವು. ಅವನ ಪರದೆಯ ತುಂಬ ಬರೀ ಅಕ್ಷರಗಳು, ಚಿಹ್ನೆಗಳು. "ಇದೇನಪ್ಪಾ, ಬೀಜಗಣಿತವೇ?" ಎಂದು ಕೇಳಿದೆ. "ಅಲ್ಲ ಮಾವ, ಈ 'ಡಿ' ನಾಯಿ, 'ಸಿ' ಬೆಕ್ಕು. ಈ ನಗುಮುಖ ಒಬ್ಬ ಕುಳ್ಳ. ಇವರೆಲ್ಲ ಬೆಟ್ಟ ಕೊರೆದು ಕೋಟೆ ಕಟ್ಟುತ್ತಾರೆ" ಎಂದ.

ಆಟದ ಹೆಸರು 'ಡ್ವಾರ್ಫ್ ಫೋರ್ಟ್ರೆಸ್', ಅಂದರೆ ಕುಳ್ಳರ ಕೋಟೆ. ಅಮೆರಿಕದ ಟಾರ್ನ್ ಆಡಮ್ಸ್ ಮತ್ತು ಝ್ಯಾಕ್ ಆಡಮ್ಸ್ ಎಂಬ ಸೋದರರು 2002ರಲ್ಲಿ ಇದನ್ನು ಆರಂಭಿಸಿ, 2006ರ ಆಗಸ್ಟ್‌ನಲ್ಲಿ ಜನರ ಕೈಗಿತ್ತರು. ಟಾರ್ನ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಆಟ ಉಚಿತ, ಅಭಿಮಾನಿಗಳು ಕೊಟ್ಟ ದೇಣಿಗೆಯೇ ಜೀವನಾಧಾರ. ದೇಣಿಗೆ ಕೊಟ್ಟವರಿಗೆ ಸೋದರರು ಬಣ್ಣದ ಕಡ್ಡಿಯಲ್ಲಿ ಚಿತ್ರ ಬರೆದೋ, ಪುಟ್ಟ ಕಥೆ ಬರೆದೋ ಕಳಿಸುತ್ತಿದ್ದರಂತೆ.

2012ರ ಜೂನ್ ನಂತರ ಎರಡು ವರ್ಷ ಆಟದ ಹೊಸ ಆವೃತ್ತಿಯೇ ಬರಲಿಲ್ಲ. ಆದರೂ ನಮ್ಮ ಹುಡುಗನಿಗೆ ಬೇಸರವಿರಲಿಲ್ಲ. ಟಾರ್ನ್ ತಮ್ಮ ಕೆಲಸದ ದಿನಚರಿಯನ್ನು ಬರೆದು ಪ್ರಕಟಿಸುತ್ತಿದ್ದರು. ಏನು ಮುಗಿಯಿತು, ಏನು ಕೆಟ್ಟಿತು, ಎಲ್ಲವೂ ಅಲ್ಲಿರುತ್ತಿತ್ತು. ಅದನ್ನು ಇವನು ಕಾಫಿ ಕುಡಿಯುತ್ತಾ ಓದುತ್ತಿದ್ದ. 2014ರ ಜುಲೈನಲ್ಲಿ ಹೊಸ ಆವೃತ್ತಿ ಬಂದಾಗ ಮರಗಳು ಎತ್ತರವಾಗಿದ್ದವು, ಕುಳ್ಳರು ಅವನ್ನು ಹತ್ತಬಲ್ಲವರಾಗಿದ್ದರು.

ದೋಷಗಳನ್ನೂ ಅವರು ಮುಚ್ಚಿಡುತ್ತಿರಲಿಲ್ಲ. 2015ರ ಕೊನೆಯಲ್ಲಿ ಆಟದೊಳಗೆ ಹೆಂಡದಂಗಡಿಗಳು ಬಂದವು, ಬೆಕ್ಕುಗಳು ಸಾಯತೊಡಗಿದವು. ಹುಡುಕಿದಾಗ ತಿಳಿದದ್ದು: ನೆಲದ ಮೇಲೆ ಚೆಲ್ಲಿದ ಹೆಂಡ ಬೆಕ್ಕುಗಳ ಪಂಜಕ್ಕೆ ಅಂಟುತ್ತಿತ್ತು, ಅವು ಪಂಜ ನೆಕ್ಕಿಕೊಂಡಾಗ ಪ್ರತಿ ನೆಕ್ಕನ್ನೂ ಆಟವು ಒಂದು ಪೂರ್ಣ ಪಾತ್ರೆ ಹೆಂಡವೆಂದು ಎಣಿಸುತ್ತಿತ್ತು! ಇಂಥ ತಪ್ಪನ್ನು ಬಿಚ್ಚಿ ಹೇಳುವವರನ್ನು ನಂಬದಿರುವುದು ಹೇಗೆ?

ಮುಂದೆ ಝ್ಯಾಕ್ ಅವರಿಗೆ ಚರ್ಮದ ಕ್ಯಾನ್ಸರ್ ಬಂದು, ಚಿಕಿತ್ಸೆಯಾಯಿತು. ಅಮೆರಿಕದಲ್ಲಿ ವೈದ್ಯಕೀಯ ವೆಚ್ಚ ಎಂಥದೆಂಬ ಅರಿವು ಸೋದರರಿಗೆ ಚುರುಕಾಗಿ ಮುಟ್ಟಿತು. ಚಿತ್ರಗಳುಳ್ಳ ಆವೃತ್ತಿಯೊಂದನ್ನು ಹಣಕ್ಕೆ ಮಾರುವುದಾಗಿ 2019ರಲ್ಲಿ ತಿಳಿಸಿದರು. ಅದು ಬಂದದ್ದು 2022ರ ಡಿಸೆಂಬರ್ 6ರಂದು. ಅಷ್ಟು ಕಾಲ ಕಾದಿದ್ದ ಜನ ಮುಗಿಬಿದ್ದು ಕೊಂಡರು. ಹಳೆಯ ಅಕ್ಷರಗಳ ಆಟವನ್ನು ಉಚಿತವಾಗಿಯೇ ಉಳಿಸಿಕೊಂಡರೆಂಬುದು ನನಗೆ ಹೆಚ್ಚು ಮೆಚ್ಚುಗೆಯಾಯಿತು. ನಮ್ಮ ಹುಡುಗ ಈಗ ಸಂಸಾರಸ್ಥ. ಅವನೂ ಹಣ ಕೊಟ್ಟು ಕೊಂಡ. "ಹತ್ತು ವರ್ಷದ ಋಣ ಮಾವ" ಎಂದ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಕಾಲವಿದು. ದಿನಾಂಕ ಘೋಷಿಸುತ್ತಾರೆ, ಮುಂದೂಡುತ್ತಾರೆ. ಆದರೆ ಕಾಯುವವನಿಗೆ ಬೇಕಾದುದು ದಿನಾಂಕವಲ್ಲ, ಕೆಲಸ ನಡೆಯುತ್ತಿದೆ ಎಂಬ ಪ್ರಾಮಾಣಿಕ ವರದಿ. ಅದಿದ್ದರೆ ಕಾಯುವವನೂ ಆ ಕೆಲಸದಲ್ಲಿ ಪಾಲುದಾರನಾಗುತ್ತಾನೆ.

ಇದನ್ನು ಬರೆಯಲು ಕಾರಣವಿದೆ. "ಸಾರ್, ನಮ್ಮೂರ ಬೇಸಾಯದ ಪದಗಳ ಕೋಶ ಯಾವಾಗ ಬರುತ್ತದೆ?" ಎಂದು ನಿಮ್ಮಲ್ಲಿ ಹಲವರು ಕೇಳುತ್ತಲೇ ಇದ್ದೀರಿ. ಪದ ಹೇಳುವ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ, ನನಗೂ ಅರವತ್ತೆಂಟಾಯಿತು. ಆದ್ದರಿಂದ ದಿನಾಂಕ ಹೇಳಲಾರೆ. ಪ್ರತಿ ತಿಂಗಳ ಮೊದಲ ಭಾನುವಾರ ಇಲ್ಲಿ ಲೆಕ್ಕ ಒಪ್ಪಿಸುತ್ತೇನೆ. ಈ ತಿಂಗಳ ಲೆಕ್ಕ ಇಷ್ಟು: ನೇಗಿಲು, ನೊಗ, ಮಿಣಿಗಳಿಗೆ ಸಂಬಂಧಿಸಿದ ಪದಗಳು ಮುಗಿದಿವೆ. ಕೂರಿಗೆಯ ಬಿಡಿಭಾಗಗಳಲ್ಲಿ ಎರಡರ ಹೆಸರು ಇನ್ನೂ ಸಿಕ್ಕಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕೂರಿಗೆ ಇದ್ದರೆ, ಅದನ್ನು ಹಿಡಿದ ಹಿರಿಯರು ಇದ್ದರೆ, ದಯವಿಟ್ಟು ಕೇಳಿ ತಿಳಿಸಿರಿ.