ಅಡ್ಡಿಲ್ಲೆ, ಪಷ್ಟ್ ಮತ್ತು ಥ್ಯಾಂಕ್ಸು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಗಳಲ್ಲಿ ಹೊಗಳುವುದಕ್ಕೆ ಇರುವ ಶಬ್ದ ಯಾವುದು ಗೊತ್ತಾ? "ಅಡ್ಡಿಲ್ಲೆ". ಅಂದರೆ ಅಡ್ಡಿ ಇಲ್ಲ, ನಡೆಯುತ್ತದೆ. ಮಾಣಿ ಕ್ಲಾಸಿಗೇ ಮೊದಲು ಬಂದರೂ ಅಡ್ಡಿಲ್ಲೆ, ಅಡಿಕೆಗೆ ಒಳ್ಳೆ ರೇಟು ಸಿಕ್ಕರೂ ಅಡ್ಡಿಲ್ಲೆ. ಸ್ವಲ್ಪ ಕೈಬಿಚ್ಚಿ ಮಾತಾಡುವವರಾದರೆ "ಚೊಲೋ ಇದ್ದು" ಅಂದಾರು. ಅದಕ್ಕೂ ಮೇಲೆ ಹತ್ತಬೇಕೆಂದರೆ ಇಂಗ್ಲೀಷಿಗೇ ಹೋಗಬೇಕು! ತಂಬುಳಿ ಪಷ್ಟ್, ಚಿಟ್ಟಾಣಿಯವರ ಪಾರ್ಟು ಪಷ್ಟ್. (ಪಾರ್ಟೂ ಇಂಗ್ಲೀಷೇ ಬಿಡಿ.) ಫಸ್ಟು ಪಷ್ಟಾಗಿ ಎಷ್ಟು ಕಾಲವಾಯಿತೋ, ನಮ್ಮ ಅಜ್ಜಿಗಂತೂ ಅದು ಇಂಗ್ಲೀಷು ಅಂತಲೇ ಗೊತ್ತಿರಲಿಲ್ಲ. 2012ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದಾಗ ನಮ್ಮ ಜಗುಲಿಯಲ್ಲಿ ಕವಳ ಹಾಕುತ್ತ ಕೂತಿದ್ದವರು ಆಡಿದ್ದು ಇಷ್ಟೇ: "ಅಡ್ಡಿಲ್ಲೆ, ಕೊಟ್ಟಿದ್ದು ಚೊಲೋ ಆತು."

ಮರ್ಯಾದೆಯ ವಿಷಯಕ್ಕೆ ಬಂದರೂ ಹಾಗೇ. "ನಿಮ್ಮ ಹೆಂಡತಿ" ಅನ್ನಲು ನಾಲಿಗೆ ಹಿಂಜರಿದರೆ "ನಿಮ್ಮ ಮಿಸೆಸ್ಸು". ಸತ್ತರು ಅನ್ನಲಾಗದೆ "ಎಕ್ಸ್‌ಪೈರ್ ಆದರು". ನಮ್ಮಲ್ಲೇ "ತೀರಿಕೊಂಡರು" ಅನ್ನುವ ಚೆಂದದ ಮಾತಿದೆಯಲ್ಲ ಮಾರಾಯ್ರೆ, ಔಷಧಿ ಬಾಟಲಿಯ ಮೇಲಿನ ಶಬ್ದ ಯಾಕೆ ಅಂತ ನನಗೆ ಪ್ರತಿಸಲವೂ ಅನಿಸುತ್ತದೆ. ಪ್ಲೀಸ್ ಮಾತ್ರ ಹಳ್ಳಿಮನೆಯೊಳಗೆ ಅಷ್ಟಾಗಿ ಬಂದಿಲ್ಲ. ಅದರ ಕೆಲಸವನ್ನು "ಸ್ವಲ್ಪ" ಮಾಡುತ್ತದೆ. "ಸ್ವಲ್ಪ ನೀರು ಕೊಡಿ" ಅಂದವನಿಗೆ ಬೇಕಾದದ್ದು ಚೊಂಬು ತುಂಬ ನೀರೇ!

ಇದೆಲ್ಲ ತಮಾಷೆ ಅನಿಸುವುದು ಇಲ್ಲೇ ಹುಟ್ಟಿದವರಿಗೆ. ನಮ್ಮ ಅತ್ತಿಗೆ ಮೈಸೂರಿನವಳು. ಮದುವೆಯಾಗಿ ಬಂದ ವರ್ಷ ಆಯಿಯನ್ನು ಕೇಳಿ ಕೇಳಿ ಅಪ್ಪೆಹುಳಿ ಮಾಡಿದಳು. ಅಪ್ಪಯ್ಯ ಮೂರು ಲೋಟ ಕುಡಿದ. "ಹೇಗಿದೆ ಮಾವ?" ಅಂದಿದ್ದಕ್ಕೆ "ಅಡ್ಡಿಲ್ಲೆ" ಅಂದು ಕೈ ತೊಳೆಯಲು ಎದ್ದ. ಅವಳ ಮುಖ ಸಣ್ಣದಾಯಿತು. ರಾತ್ರಿ ಅಣ್ಣನ ಹತ್ತಿರ, "ಅಡ್ಡಿ ಇಲ್ಲ ಅಂದ್ರೇನು, ಸಹಿಸ್ಕೋತೀನಿ ಅಂತಲಾ?" ಅಂದಳಂತೆ. ಜೊತೆಗೆ ನಮ್ಮ ಭಾಷೆಯಲ್ಲಿ ಹೆಂಗಸರಿಗೆಲ್ಲ ನಪುಂಸಕ ಲಿಂಗ. ಅಕ್ಕ ಬಂತು, ಆಯಿ ಹೋತು. "ಸೊಸೆ ಬಂತು" ಅಂತ ಅಪ್ಪಯ್ಯ ಹೇಳಿದ್ದು ಕಿವಿಗೆ ಬಿದ್ದು, "ನಾನೇನು ದನವಾ?" ಅಂತ ಅತ್ತೇ ಬಿಟ್ಟಿದ್ದಳು. ಅಜ್ಜಿಗೂ ಹಾಗೇ ಅನ್ನುವುದು ಅಂತ ಅಣ್ಣ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಎರಡು ವರ್ಷದ ಹಿಂದೆ ಅಪ್ಪಯ್ಯನಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಒಂಬತ್ತು ರಾತ್ರಿ ಅತ್ತಿಗೆ ಅಲ್ಲಿನ ಬೆಂಚಿನ ಮೇಲೆ ಮಲಗಿದ್ದಳು. ನರ್ಸು ಸಲೈನ್ ಬದಲಿಸಿದಾಗೆಲ್ಲ ಅಪ್ಪಯ್ಯ "ಥ್ಯಾಂಕ್ಯೂ ಸಿಸ್ಟರ್" ಅನ್ನುತ್ತಿದ್ದ. ಗಂಜಿ ಕುಡಿಸಿ, ಬಾಯಿ ಒರೆಸಿ, ಕಾಲು ತಿಕ್ಕಿದವಳಿಗೆ ಒಂದು ಮಾತಿಲ್ಲ. ಡಿಸ್ಚಾರ್ಜ್ ದಿನ ಅವಳು ನಗುತ್ತಲೇ ಕೇಳಿದಳು (ಪೂರ್ತಿ ನಗು ಅಲ್ಲ ಅದು, ನಾನು ಅಲ್ಲೇ ಇದ್ದೆ), "ಸಿಸ್ಟರಿಗೆ ಅಷ್ಟು ಥ್ಯಾಂಕ್ಸ್ ಹೇಳಿದ್ರಿ, ನಂಗೆ ಮಾವ?"

ಅಪ್ಪಯ್ಯ ಕಕ್ಕಾಬಿಕ್ಕಿ. "ನಿಂಗೆಂತಕ್ಕೆ? ನೀನು ನಮ್ಮನೇದಲ್ದ?"

ಅತ್ತಿಗೆ ಚೀಲ ತುಂಬುವುದನ್ನು ನಿಲ್ಲಿಸಿ ಸುಮ್ಮನೆ ನಿಂತಳು. ಆ "ನಮ್ಮನೇದು" ಅವಳಿಗೆ ಅರ್ಥವಾಗಿತ್ತು. ಆದರೂ ನನ್ನ ಕೇಳಿದರೆ, ಒಂದು ಥ್ಯಾಂಕ್ಸ್ ಹೇಳಿದ್ದರೆ ಅಪ್ಪಯ್ಯನ ಗಂಟೇನೂ ಹೋಗುತ್ತಿರಲಿಲ್ಲ. ಎಲ್ಲವನ್ನೂ ಅರ್ಥ ಮಾಡಿಕೊಳ್ಳುವ ಕೆಲಸ ಬಂದವರದ್ದೇ ಯಾಕೆ ಆಗಬೇಕು?

ಈಗ ಅಪ್ಪಯ್ಯ ಮೊಮ್ಮಗನಿಂದ "ಸೂಪರ್" ಕಲಿತಿದ್ದಾನೆ. ಮೊನ್ನೆ ಅತ್ತಿಗೆ ತೊಡದೇವು ಮಾಡಿದ್ದಳಂತೆ. ರಾತ್ರಿ ನನಗೆ ಫೋನು: "ಮಾವ ಸೂಪರ್ ಅಂದ್ರು ಕಣೋ. ಏನೋ ಸರಿ ಬಂದಿಲ್ಲ ಅನ್ಸತ್ತೆ!"