ಹನ್ನೆರಡು ಮೈಲಿಯ ಸುತ್ತು

ದಿಂಡಿಗಲ್ಲಿನಿಂದ ಮಧುರೆಯ ಹೆದ್ದಾರಿಯಲ್ಲಿ ಸುಮಾರು 11 ಕಿಲೋಮೀಟರ್ ಸಾಗಿದರೆ ಚಿನ್ನಾಳಪಟ್ಟಿ ಸಿಗುತ್ತದೆ. ಸುಂಗುಡಿ ಸೀರೆಗೆ ಹೆಸರಾದ ಈ ಊರಿನಲ್ಲಿ ದೇವಾಂಗ ನೇಕಾರರ ಮನೆಮಾತು ಕನ್ನಡ, ಪೇಟೆಯ ಮತ್ತು ಶಾಲೆಯ ಮಾತು ತಮಿಳು. ಮನೆಯ ದೇವಿ ಚೌಡೇಶ್ವರಿ. ವಿಜಯನಗರದ ಸೀಮೆಯಿಂದ ಹಿರಿಯರು ಬಂದರೆಂಬ ನೆನಪನ್ನು ಈ ಸಮುದಾಯ ತಲೆಮಾರುಗಳಿಂದ ಉಳಿಸಿಕೊಂಡಿದೆ. ಊರಿಗೆ ಹೊಂದಿಕೊಂಡಂತೆಯೇ 1947ರಲ್ಲಿ ಟಿ. ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿಗಳು ಕಟ್ಟಿದ ಗಾಂಧಿಗ್ರಾಮವಿದೆ. ಮೂಡಲಲ್ಲಿ ಸಿರುಮಲೈ, ಪಡುವಲಲ್ಲಿ ದೂರಕ್ಕೆ ನೀಲಿಯಾಗಿ ಹಬ್ಬಿದ ಪಳನಿ ಬೆಟ್ಟಗಳು. ಆ ಪಡುವಣ ಬೆಟ್ಟಗಳ ನೆತ್ತಿಯ ಮೇಲಿರುವುದೇ ಕೊಡೈಕಾನಲ್.

ಕೊಡೈಕಾನಲ್ಲಿಗೆ ಹೋಗದ ಕುಟುಂಬ ಈ ಸೀಮೆಯಲ್ಲಿ ವಿರಳ. ಆದರೆ ಹೋದವರಲ್ಲಿ ಹೆಚ್ಚಿನವರು ಅದನ್ನು ಕಾರಿನ ಕಿಟಕಿಯಿಂದ ಕಂಡವರು. ಅಲ್ಲಿನ ಟ್ಯಾಕ್ಸಿ ಚಾಲಕರು 'ಹನ್ನೆರಡು ಮೈಲಿ ಸುತ್ತು' ಎಂದು ಕೂಗಿ ಕರೆಯುವ ಒಂದು ದಾರಿಯುಂದು. ಕೆರೆಯ ಬಳಿಯಿಂದ ಹೊರಟು ಕಣಿವೆಯ ಅಂಚಿನ ನೋಟಗಳನ್ನೂ ಕಂಬದ ಬಂಡೆಗಳನ್ನೂ ಪೈನ್ ತೋಪನ್ನೂ ಮುಟ್ಟಿ ಮತ್ತೆ ಕೆರೆಗೇ ಮರಳುವ ದಾರಿ ಅದು. ಕಾರಿನಲ್ಲಿ ಅರ್ಧ ದಿನದ ಕೆಲಸ. ಕಾಲ್ನಡಿಗೆಯಲ್ಲಿ ಅದೇ ದಾರಿ ಇಡೀ ಒಂದು ದಿನವನ್ನು ಕೇಳುತ್ತದೆ. ಕೆರೆಯ ಸುತ್ತಲಿನ 5 ಕಿಲೋಮೀಟರನ್ನು ದಣಿಯದೆ ನಡೆಯಬಲ್ಲ, ಆದರೆ ಕಡಿದಾದ ಬೆಟ್ಟ ಹತ್ತಿ ಅಭ್ಯಾಸವಿಲ್ಲದ ವ್ಯಕ್ತಿ ಈ ದೊಡ್ಡ ಸುತ್ತಿಗೆ ಕಾಲಿಡಬಹುದೇ? ಮಕ್ಕಳನ್ನು ಕರೆದೊಯ್ಯಬಹುದೇ? ಅಂಜಿಕೆ ಸ್ವಭಾವದವರು ಕೇಳುವ ಈ ಪ್ರಶ್ನೆಗಳು ನಗುವಂಥವಲ್ಲ. ಬೆಟ್ಟದಲ್ಲಿ ಅಪಾಯಕ್ಕೆ ಸಿಲುಕುವವರಲ್ಲಿ ಇಂಥ ಪ್ರಶ್ನೆಯನ್ನು ಕೇಳದೆ ಹೊರಟವರೇ ಬಹಳ.

ಹಿಮದ ನಾಡುಗಳಲ್ಲಿ ಈ ಪ್ರಶ್ನೆಗೆ ಬಹುಕಾಲದಿಂದ ಒಂದು ವ್ಯವಸ್ಥೆಯ ಉತ್ತರವಿದೆ. ಇಟಲಿಯ ಉತ್ತರದಲ್ಲಿ, ಡೋಲೊಮೈಟ್ ಪರ್ವತಗಳ ನಡುವೆ, ಸೆಲ್ಲಾ ಎಂಬ ಬಂಡೆಯ ರಾಶಿಯನ್ನು ಸುತ್ತುವ 'ಸೆಲ್ಲಾ ರೋಂಡಾ' ಎಂಬ ಸ್ಕೀಯಿಂಗ್ ಹಾದಿಯಿದೆ. ನಾಲ್ಕು ಕಣಿವೆದಾರಿಗಳನ್ನು ದಾಟುವ ಆ ಸುತ್ತು ಒಟ್ಟು ಸುಮಾರು 40 ಕಿಲೋಮೀಟರ್. ಅದರಲ್ಲಿ ಸುಮಾರು 26 ಕಿಲೋಮೀಟರ್ ಹಿಮದ ಮೇಲೆ ಜಾರುವುದು, ಉಳಿದದ್ದು ತಂತಿಯ ತೊಟ್ಟಿಲುಗಳಲ್ಲಿ ಏರುವುದು. ಬಲಸುತ್ತಿಗೆ ಕಿತ್ತಳೆ ಬಣ್ಣದ ಫಲಕ, ಎಡಸುತ್ತಿಗೆ ಹಸಿರು ಬಣ್ಣದ ಫಲಕ. ಇಳಿಜಾರುಗಳಿಗೂ ಬಣ್ಣವುಂಟು: ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಬೆಳಗಿನ ಹತ್ತು ಗಂಟೆಯೊಳಗೆ ಹೊರಡಬೇಕು, ಮಧ್ಯಾಹ್ನ ಮೂರೂವರೆಯೊಳಗೆ ಕೊನೆಯ ಕಣಿವೆದಾರಿಯನ್ನು ದಾಟಿರಬೇಕು ಎಂಬುದು ಅಲ್ಲಿ ಎಲ್ಲರಿಗೂ ಹೇಳುವ ಮಾತು. ತೊಟ್ಟಿಲು ನಿಂತ ಮೇಲೆ ತಪ್ಪು ಕಣಿವೆಯಲ್ಲಿ ಉಳಿದವನಿಗೆ ದೂರದ ರಸ್ತೆಪ್ರಯಾಣವೇ ಗತಿ. ಆ ಕಣಿವೆಗಳ ಜನ ಲಾದಿನ್ ಎಂಬ ಸಣ್ಣ ಭಾಷೆಯನ್ನಾಡುವವರು. ಇಟಾಲಿಯನ್ ಮತ್ತು ಜರ್ಮನ್ ಎಂಬ ಎರಡು ದೊಡ್ಡ ಭಾಷೆಗಳ ನಡುವೆ ತಮ್ಮ ಮನೆಮಾತಿಗೆ ಶಾಲೆಯಲ್ಲಿಯೂ ಜಾಗ ಉಳಿಸಿಕೊಂಡವರು ಎಂಬುದನ್ನು ಈ ಪತ್ರಿಕೆಯ ಓದುಗರು ಕುತೂಹಲದಿಂದ ಗಮನಿಸಿಯಾರು. ಹಿಮವೇ ಬೀಳದ ಕೊಡಗಿನಿಂದ ಹೋದ ತೆಕ್ಕಡ ಭವಾನಿ ನಂಜುಂಡ ಅವರು ದೂರಹಾದಿಯ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿರುವುದರಿಂದ ಈ ಆಟವೂ ಕನ್ನಡಿಗರಿಗೆ ತೀರ ಪರಕೀಯವಲ್ಲ.

ಸೆಲ್ಲಾದ ಆ ಮೂರು ನಿಯಮಗಳನ್ನು, ಅಂದರೆ ದಾರಿಯ ಕಾಠಿಣ್ಯವನ್ನು ಮೊದಲೇ ಅರಿಯುವುದು, ಸುತ್ತುವ ದಿಕ್ಕನ್ನು ಆರಿಸುವುದು, ಮರಳುವ ಹೊತ್ತನ್ನು ಗೊತ್ತುಮಾಡುವುದು, ಇವನ್ನು ಹನ್ನೆರಡು ಮೈಲಿಯ ಸುತ್ತಿಗೂ ಅನ್ವಯಿಸಿ ನೋಡಬಹುದು.

ಮೊದಲಿಗೆ ದೇಹದ ಲೆಕ್ಕ. ದಿಂಡಿಗಲ್ಲು ಸಮುದ್ರಮಟ್ಟದಿಂದ ಸುಮಾರು 270 ಮೀಟರ್ ಎತ್ತರದಲ್ಲಿದೆ, ಕೊಡೈಕಾನಲ್ ಸುಮಾರು 2,100 ಮೀಟರ್. ಒಂದು ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುವುದರಿಂದ, ಕೆಳಗಿನ ಊರಿಗಿಂತ ಅಲ್ಲಿ ಹನ್ನೆರಡು ಡಿಗ್ರಿಯಷ್ಟು ಚಳಿ ಹೆಚ್ಚು. ಗಾಳಿಯ ಒತ್ತಡವೂ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ಮಗ್ಗದ ಮುಂದೆ ದಿನವಿಡೀ ಕುಳಿತು, ಕುಣಿಯಲ್ಲಿ ಕಾಲಿಳಿಸಿ ತುಳಿಯುವ ನೇಕಾರನ ಕಾಲಿಗೆ ಶಕ್ತಿಯಿಲ್ಲವೆಂದಲ್ಲ. ಆ ಶಕ್ತಿ ಏರುದಾರಿಯಲ್ಲಿ ಗಂಟೆಗಟ್ಟಲೆ ಉಸಿರು ಹಿಡಿದು ನಡೆಯುವ ಶಕ್ತಿಯಲ್ಲ. ಆದಕಾರಣ ಒಂದು ತಿಂಗಳ ಅಭ್ಯಾಸ ಹಿತ. ಮೊದಲ ವಾರಗಳಲ್ಲಿ ಸಮತಟ್ಟಾದ ಹಾದಿಯಲ್ಲಿ ಬೆಳಗಿನ ನಡಿಗೆ. ಬಳಿಕ ದಿಂಡಿಗಲ್ಲಿನ ಬಂಡೆಕೋಟೆಯನ್ನು ಹತ್ತಿಳಿಯುವುದು. 1755ರಲ್ಲಿ ಮೈಸೂರಿನ ಫೌಜುದಾರನಾಗಿ ಹೈದರಾಲಿ ಬಂದು ನೆಲೆಸಿದ್ದು ಇದೇ ದಿಂಡಿಗಲ್ಲಿನಲ್ಲಿ ಎಂದು ಮಕ್ಕಳಿಗೆ ಹೇಳಿದರೆ ಇತಿಹಾಸದ ಪಾಠವೂ ಆಯಿತು. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಹೆಚ್ಚು ನೋವಾಗುವುದು ಅಲ್ಲಿಯೇ ತಿಳಿದುಬಂದರೆ ಒಳ್ಳೆಯದು.

ಎರಡನೆಯದು ಕಾಲ ಮತ್ತು ದಿಕ್ಕು. ಕೊಡೈಕಾನಲ್ಲಿಗೆ ಎರಡೂ ಮುಂಗಾರುಗಳ ಮಳೆಯಿದೆ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಅದು ಹೆಚ್ಚು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಜನಸಂದಣಿ. ನಡೆಯುವವರಿಗೆ ಜನವರಿ, ಫೆಬ್ರವರಿ ಅನುಕೂಲ. ದಿಕ್ಕನ್ನು ನಿರ್ಧರಿಸುವುದು ಮೋಡ. ಬೆಳಗ್ಗೆ ಕಣಿವೆ ತಿಳಿಯಾಗಿರುತ್ತದೆ. ಬಿಸಿಲೇರಿದಂತೆ ಕೆಳಗಿನ ಬಯಲಿನಿಂದ ತೇವದ ಗಾಳಿ ಬೆಟ್ಟದ ಗೋಡೆಯನ್ನೇರಿ ಮಂಜಾಗಿ ಕವಿಯುತ್ತದೆ. ಆದ್ದರಿಂದ ಕಣಿವೆಯ ಅಂಚಿನ ನೋಟಗಳನ್ನು ಮೊದಲು ಮುಗಿಸಿ, ಮರಗಳ ನಡುವಿನ ಭಾಗವನ್ನು ಮಧ್ಯಾಹ್ನಕ್ಕೆ ಬಿಡುವುದು ಜಾಣತನ. ಅದೇ ದಿನ ಬಸ್ಸಿನಿಂದಿಳಿದು ನಡೆಯಲು ಹೊರಡುವುದು ತರವಲ್ಲ. ಸೆಂಬಟ್ಟಿ, ವತ್ತಲಗುಂಡು ಹಾದು ಘಟ್ಟದ ತಿರುವುಗಳನ್ನೇರಿದ ತಲೆಗೂ ಹೊಟ್ಟೆಗೂ ಒಂದು ರಾತ್ರಿಯ ವಿಶ್ರಾಂತಿ ಬೇಕು.

ಈ ಘಟ್ಟದ ರಸ್ತೆ ಬರುವ ಮೊದಲು ಬೆಟ್ಟಕ್ಕೆ ಬರುತ್ತಿದ್ದವರು ಪೆರಿಯಕುಲಂ ಕಡೆಯ ಬುಡದಿಂದ ಕಾಲುಹಾದಿಯಲ್ಲಿ ಹತ್ತುತ್ತಿದ್ದರು. 1845ರಲ್ಲಿ ಅಮೆರಿಕದ ಮಧುರೆ ಮಿಷನ್ನಿನವರು ಇಲ್ಲಿ ಮೊದಲ ಮನೆಗಳನ್ನು ಕಟ್ಟಿಕೊಂಡರು. ನಡೆಯಲಾರದ ದೊರೆಗಳನ್ನು ಕುರ್ಚಿಯಲ್ಲಿ ಕೂರಿಸಿ ಕೂಲಿಯಾಳುಗಳು ಹೆಗಲ ಮೇಲೆ ಹೊತ್ತು ತಂದರು. ಆ ಹಾದಿಗೆ 'ಕೂಲಿ ಘಾಟ್' ಎಂಬ ಹೆಸರೇ ನಿಂತಿತು. ಇಂದು ಎಲ್ಲರೂ ಸುತ್ತುವ ಕೆರೆಯನ್ನು 1863ರಲ್ಲಿ ಮಧುರೆಯ ಕಲೆಕ್ಟರ್ ವೆರೆ ಹೆನ್ರಿ ಲೆವಿಂಜ್ ಕಟ್ಟಿಸಿದ.

ಸುತ್ತಿನ ಆರಂಭ ಕೋಕರ್ಸ್ ವಾಕ್ ಎಂಬ ಒಂದು ಕಿಲೋಮೀಟರಿನ ಕಾಲುದಾರಿ. ಬೆಟ್ಟದ ದಕ್ಷಿಣದ ಅಂಚಿಗೆ 1872ರಲ್ಲಿ ಮಾಡಿದ್ದು, ಪಕ್ಕಕ್ಕೆ ಕಂಬಿಯ ಬೇಲಿಯಿದೆ. ಕಾಲಿಗೆ ಕಷ್ಟವಿಲ್ಲ, ಕಣ್ಣಿಗೆ ಮಾತ್ರ ಆಳದ ಅಭ್ಯಾಸವಾಗುತ್ತದೆ. ಆಳ ಕಂಡರೆ ತಲೆ ತಿರುಗುವವರು ಯಾರೆಂಬುದು ಇಲ್ಲಿಯೇ ಗೊತ್ತಾಗಿಬಿಡುತ್ತದೆ. ಅಂಥವರು ಒಳಬದಿಯಲ್ಲಿ ನಡೆಯಲಿ, ಅದಕ್ಕೆ ನಾಚಿಕೆ ಬೇಡ. ಅಲ್ಲಿಂದ ಮುಂದೆ ಡಾಂಬರು ರಸ್ತೆ ನಿಧಾನವಾಗಿ ಏರುತ್ತ ಗಾಲ್ಫ್ ಮೈದಾನದ ಬದಿಗೆ, ಹಸಿರು ಕಣಿವೆಯ ನೋಟಕ್ಕೆ ಕೊಂಡೊಯ್ಯುತ್ತದೆ. ದಿನ ತಿಳಿಯಾಗಿದ್ದರೆ ಕೆಳಗೆ ವೈಗೈ ಅಣೆಕಟ್ಟಿನ ನೀರು ಹೊಳೆಯುವುದು ಕಾಣುತ್ತದೆ. ಕೋತಿಗಳ ಕಾಟ ಇಲ್ಲಿ ಬಹಳ. ಬುತ್ತಿಯನ್ನು ಇಲ್ಲಿ ಬಿಚ್ಚಬಾರದು. ರಸ್ತೆಯ ಬದಿಯಲ್ಲಿ ಕಾಡೆಮ್ಮೆ ನಿಂತಿದ್ದರೆ ನೂರು ಹೆಜ್ಜೆ ಹಿಂದೆಯೇ ನಿಂತು, ಅದು ತಾನಾಗಿ ಸರಿಯುವವರೆಗೆ ಕಾಯಬೇಕು. ಪಟ್ಟಣದೊಳಗೂ ಅಡ್ಡಾಡುವ ಆ ಪ್ರಾಣಿಯನ್ನು ಸಾಧುವೆಂದು ಭಾವಿಸುವುದು ತಪ್ಪು.

ಕೆರೆಯಿಂದ ಸುಮಾರು ಎಂಟು ಕಿಲೋಮೀಟರಿನಲ್ಲಿ ಕಂಬದ ಬಂಡೆಗಳು. ಸುಮಾರು 122 ಮೀಟರ್ ಎತ್ತರದ ಮೂರು ಬಂಡೆಗಳು ಕಣಿವೆಯಿಂದ ನೆಟ್ಟಗೆ ಎದ್ದು ನಿಂತಿವೆ. ಇಡೀ ಸುತ್ತಿನಲ್ಲಿ ಬಹಳ ಮುಖ್ಯವಾದ ಜಾಗ ಇದು. ಅದಕ್ಕೆ ಬಂಡೆಯ ಅಂದವಷ್ಟೇ ಕಾರಣವಲ್ಲ. ಮುಂದುವರಿಯುವುದೋ ಮರಳುವುದೋ ಎಂಬುದನ್ನು ತೀರ್ಮಾನಿಸಬೇಕಾದ ಸ್ಥಳ ಇದು. ಹೆಸರಿನ ಪ್ರಕಾರ ಒಟ್ಟು ಹನ್ನೆರಡು ಮೈಲಿ, ಅಂದರೆ 19 ಕಿಲೋಮೀಟರ್. ಮಕ್ಕಳೊಂದಿಗೆ ಗಂಟೆಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ನಡೆಯುವ ಲೆಕ್ಕ ಹಾಕಬಾರದು. ಬೆಳಗ್ಗೆ ಏಳಕ್ಕೆ ಹೊರಟವರು ನಿಂತು ನೋಡುವ ಹೊತ್ತೂ ಸೇರಿ ಹತ್ತೂವರೆಯ ಸುಮಾರಿಗೆ ಇಲ್ಲಿರಬೇಕು. ಹನ್ನೊಂದರ ಮೇಲಾಗಿದ್ದರೆ, ಅಥವಾ ಗುಂಪಿನಲ್ಲಿ ಒಬ್ಬರಿಗಾದರೂ ಕಾಲು ಬೊಬ್ಬೆಯೆದ್ದಿದ್ದರೆ, ತಲೆನೋವು ಬಂದಿದ್ದರೆ, ನಡಿಗೆಯನ್ನು ಅಲ್ಲಿಗೇ ನಿಲ್ಲಿಸುವುದು ಸರಿ. ವಾಹನಗಳು ಅಲ್ಲಿ ಸದಾ ಸಿಗುತ್ತವೆ. ಮುಂದೆ ಹೋದಂತೆ ಆ ಅನುಕೂಲ ಕಡಿಮೆಯಾಗುತ್ತದೆ. ತೀರ್ಮಾನ ಮಾಡುವಾಗ ಗುಂಪಿನ ಬಲಶಾಲಿಯ ಮಾತು ನಡೆಯಬಾರದು. ಹಿಂದುಳಿದವನು ಸಂಕೋಚದಿಂದ 'ಪರವಾಗಿಲ್ಲ' ಎನ್ನುವ ಮೊದಲು ಅವನ ಕಾಲನ್ನು ನೋಡಿ ಉಳಿದವರೇ ಹೇಳಬೇಕು. ಸಂಕೋಚದ 'ಪರವಾಗಿಲ್ಲ'ದಿಂದ ಬೆಟ್ಟಗಳಲ್ಲಿ ಎಷ್ಟೋ ಅನಾಹುತಗಳಾಗಿವೆ.

ಮುಂದುವರಿದವರಿಗೆ ಹತ್ತಿರದಲ್ಲಿಯೇ ಗುಣಾ ಗುಹೆಗಳು. ಇಂಗ್ಲಿಷರು 'ದೆವ್ವದ ಅಡುಗೆಮನೆ' ಎಂದು ಕರೆದಿದ್ದ ಈ ಬಂಡೆಯ ಬಿರುಕುಗಳಿಗೆ 1991ರ ತಮಿಳು ಚಿತ್ರದಿಂದ ಹೊಸ ಹೆಸರು ಬಂತು. 2024ರ ಮಲಯಾಳಂ ಚಿತ್ರ 'ಮಂಜುಮ್ಮೆಲ್ ಬಾಯ್ಸ್' ಅಲ್ಲಿ ಬಿದ್ದವನನ್ನು ಗೆಳೆಯರು ಎತ್ತಿದ ನಿಜಘಟನೆಯನ್ನು ಹೇಳಿತು. ಆ ಚಿತ್ರವನ್ನು ನೋಡಿ ಬಂದ ಹುಡುಗರು ಬೇಲಿಯ ಆಚೆ ಇಣುಕಲು ಹವಣಿಸುತ್ತಾರೆ. ಬೇಲಿಯಿರುವುದು ಆ ಕಾರಣಕ್ಕೇ ಎಂದು ತಿಳಿಹೇಳಬೇಕು. ಅನಂತರ 1906ರಲ್ಲಿ ನೆಡಲಾರಂಭಿಸಿದ ಪೈನ್ ತೋಪು. ನೆಲಕ್ಕೆ ಬಿದ್ದ ಸೂಜಿಯೆಲೆ ಒಣಗಿದಾಗಲೂ ಜಾರುತ್ತದೆ, ನೆನೆದಾಗಲೂ ಜಾರುತ್ತದೆ. ಬೇರುಗಳು ಎಡವಿಸುತ್ತವೆ. ಚಪ್ಪಲಿ ಸಾಲದು, ಹಿಡಿತವಿರುವ ಬೂಟು ಬೇಕು. ಆ ಬಳಿಕ ಮೋಯರ್ ಪಾಯಿಂಟ್. ಅಲ್ಲಿಂದ ಬೆರಿಜಂ ಕೆರೆಯತ್ತ ಒಳಗೆ ಹೋಗುವ ರಸ್ತೆಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸುತ್ತಿನವರು ಅತ್ತ ಹೊರಳದೆ ಪಟ್ಟಣದ ಕಡೆಗೆ ಇಳಿಯುತ್ತಾರೆ. ದಾರಿಯ ಕೊನೆಯ ಭಾಗದಲ್ಲಿ, ಮೇಲಿನಿಂದ ಕಾಣುವ ಕೆರೆ ಕೈಚಾಚಿದ ನಕ್ಷತ್ರದಂತೆ ಮಲಗಿರುತ್ತದೆ. ದಣಿದ ಕಾಲು ತಪ್ಪುವುದು ಈ ಸುಲಭದ ಇಳಿಜಾರಿನಲ್ಲಿಯೇ. ಸ್ಕೀಯಿಂಗ್ ಕಲಿಸುವವರೂ ದಿನದ ಕೊನೆಯ ಜಾರಿನ ಬಗ್ಗೆ ಇದೇ ಎಚ್ಚರಿಕೆಯನ್ನು ಹೇಳುತ್ತಾರೆ.

ಅನುಮತಿಯ ವಿಚಾರವನ್ನು ಔಪಚಾರಿಕತೆಯೆಂದು ತಳ್ಳಿಹಾಕುವವರು ನೆರೆಯ ತೇನಿ ಜಿಲ್ಲೆಯ ಕುರಂಗಣಿಯನ್ನು ನೆನೆಯಬೇಕು. 2018ರ ಮಾರ್ಚ್ 11ರಂದು ಬೋಡಿನಾಯಕನೂರಿನ ಮೇಲಣ ಆ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದ ತಂಡಗಳು ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯರು. ಬೇಸಿಗೆಯ ಒಣಹುಲ್ಲಿನಲ್ಲಿ ಬೆಂಕಿ ಏರುದಾರಿಯನ್ನು ಮನುಷ್ಯನಿಗಿಂತ ವೇಗವಾಗಿ ಹತ್ತುತ್ತದೆ. ಆ ದುರಂತದ ಬಳಿಕ ತಮಿಳುನಾಡು ಸರಕಾರ ಚಾರಣವನ್ನು ನಿಯಂತ್ರಿಸುವ ನಿಯಮಗಳನ್ನು ಹೊರಡಿಸಿತು. 2024ರ ಅಕ್ಟೋಬರಿನಲ್ಲಿ 'ಟ್ರೆಕ್ ತಮಿಳುನಾಡು' ಎಂಬ ಯೋಜನೆಯಡಿ 40 ಹಾದಿಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸಿ, ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿಗಳೊಂದಿಗೆ ತೆರೆಯಿತು. ಸೆಲ್ಲಾದ ಬಣ್ಣಗಳು ಮಾಡುವ ಕೆಲಸವನ್ನೇ ಈ ಮೂರು ಪದಗಳು ಮಾಡುತ್ತವೆ. ಹನ್ನೆರಡು ಮೈಲಿಯ ಸುತ್ತು ಬಹುಪಾಲು ರಸ್ತೆಯಾದ್ದರಿಂದ ಹೊಸಬರಿಗೆ ಮೊದಲ ಮೆಟ್ಟಿಲಾಗಬಲ್ಲದು. ಅದನ್ನು ಮುಗಿಸಿದವರು ಕಾಡಿನ ಹಾದಿಯ ಆಸೆಪಟ್ಟರೆ ಆ ಪಟ್ಟಿಯ 'ಸುಲಭ'ದಿಂದ ತೊಡಗಲಿ.

ಹೊರಡುವವರಿಗೆ ಇನ್ನೆರಡು ಮಾತು. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳು ಕೊಡೈಕಾನಲ್ಲಿಗೆ ಇ-ಪಾಸ್ ಪಡೆದು ಬರಬೇಕಾಗಿದೆ. ಸ್ವಂತ ವಾಹನದಲ್ಲಿ ಹೋಗುವವರು ಅದನ್ನು ಮೊದಲೇ ಪಡೆದಿರಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ಬೆಟ್ಟದಲ್ಲಿ ನಿರ್ಬಂಧವಿರುವುದರಿಂದ ಸ್ಟೀಲಿನ ಬಾಟಲಿ ಕೈಯಲ್ಲಿರಲಿ.

ಪಳನಿ ಬೆಟ್ಟಗಳ ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. 2006ರಲ್ಲಿ ಅರಳಿತು, 2018ರಲ್ಲಿ ಅರಳಿತು, ಮುಂದಿನ ಸರದಿ 2030. ಇಂದು ಪ್ರಾಥಮಿಕ ಶಾಲೆಯಲ್ಲಿ ಕನ್ನಡದ ಅಕ್ಷರ ತಿದ್ದುತ್ತಿರುವ ಮಗು ಅಷ್ಟರಲ್ಲಿ ಈ ಸುತ್ತನ್ನು ತಾನೇ ನಡೆಯುವಷ್ಟು ದೊಡ್ಡದಾಗಿರುತ್ತದೆ. ಅಭ್ಯಾಸವನ್ನು ಈಗಲೇ ತೊಡಗಿದರೆ, ಆ ವರ್ಷ ಅದರೊಡನೆ ಹೆಜ್ಜೆಹಾಕಲು ತಂದೆತಾಯಿಗಳ ಮಂಡಿಗಳೂ ಸಿದ್ಧವಾಗಿರುತ್ತವೆ.