ತೊಳೆದ ಮೊಟ್ಟೆ, ತೊಳೆಯದ ಮೊಟ್ಟೆ

ಅಮೆರಿಕದ ಅಂಗಡಿಗಳಲ್ಲಿ ಮೊಟ್ಟೆ ಫ್ರಿಜ್ಜಿನಲ್ಲಿರುತ್ತದೆ, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ತೆರೆದ ಕಪಾಟಿನಲ್ಲಿ. ಇದನ್ನು ನೋಡಿ ಒಂದು ದೇಶ ಶುಚಿ, ಇನ್ನೊಂದು ಉಡಾಫೆ ಎಂದುಕೊಳ್ಳುವುದು ತಪ್ಪು. ಇಬ್ಬರಿಗೂ ಸಾಲ್ಮೊನೆಲ್ಲಾ ಎಂಬ ರೋಗಾಣುವಿನದ್ದೇ ಭಯ. ಅದನ್ನು ತಡೆಯುವ ಜಾಗ ಮಾತ್ರ ಬೇರೆ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಕೋಳಿ ಆಗಷ್ಟೇ ಇಟ್ಟ ಮೊಟ್ಟೆಯ ಮೇಲಿನ ತೇವ ಆರಿ, ತೆಳುಪೊರೆಯಾಗಿ ಅವುಗಳನ್ನು ಮುಚ್ಚುತ್ತದೆ. ಅಮೆರಿಕದಲ್ಲಿ ಬಿಸಿನೀರಿನಿಂದ ತೊಳೆಯುವಾಗ ಹಿಕ್ಕೆಯ ಜೊತೆಗೆ ಈ ಪೊರೆಯೂ ಹಾಳಾಗಬಹುದು. ಆಮೇಲೆ 7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಬೇಕೇ ಬೇಕು. ಬ್ರಿಟನ್ನಿನಲ್ಲೂ ಐರೋಪ್ಯ ಒಕ್ಕೂಟದಲ್ಲೂ 'ಎ' ದರ್ಜೆಯ ಮೊಟ್ಟೆಯನ್ನು, ಕೆಲವು ವಿನಾಯಿತಿ ಬಿಟ್ಟರೆ, ತೊಳೆಯುವಂತೆಯೇ ಇಲ್ಲ. ಹಾಗಾದರೆ ಗಲೀಜಲ್ಲವೇ? ತೊಳೆಯುವ ದಾರಿ ಮುಚ್ಚಿದಾಗ ಸಾಕುವವರು ಗೂಡನ್ನೇ ಚೊಕ್ಕಟವಾಗಿಡಬೇಕಾಗುತ್ತದೆ.

ಆದರೆ ರೋಗಾಣು ಕೋಳಿಯ ಹೊಟ್ಟೆಯಲ್ಲೇ ಮೊಟ್ಟೆಯೊಳಗೆ ಸೇರಿದ್ದರೆ? ಗಟ್ಟಿ ಆಕ್ಷೇಪವೆಂದರೆ ಇದೇ. ಪೊರೆಯೂ ಕೆಲಸಕ್ಕೆ ಬಾರದು, ತೊಳೆಯುವುದೂ. 1988ರಲ್ಲಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇದೆಯೆಂಬ ಭೀತಿಗೆ ಸಿಕ್ಕಿ ತತ್ತರಿಸಿದ ಬ್ರಿಟನ್ ಮುಂದಿನ ದಶಕದಲ್ಲಿ ಕೋಳಿಗಳಿಗೇ ಲಸಿಕೆ ಹಾಕಿಸುವ ಹಾದಿ ಹಿಡಿಯಿತು. 2017ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ, ಲಸಿಕೆ ಪಡೆದ ಕೋಳಿಗಳದ್ದೆಂದು ಸೂಚಿಸುವ ಸಿಂಹದ ಮುದ್ರೆಯಿರುವ ಮೊಟ್ಟೆಯನ್ನು ಅರೆಬೆಂದಿದ್ದರೂ ಗರ್ಭಿಣಿಯರೂ ತಿನ್ನಬಹುದು ಎಂದಿತು. ನನಗೆ ಈ ದಾರಿಯೇ ಹೆಚ್ಚು ಒಪ್ಪಿಗೆ: ಮೂಲದಲ್ಲೇ ತಡೆಯುವುದು. ಫ್ರಿಜ್ಜಿನಲ್ಲಿಟ್ಟರೆ ನಷ್ಟವೇನು ಎನ್ನುವವರು ಒಂದು ಸಂಗತಿ ಗಮನಿಸಬೇಕು. ತಂಪು ರೋಗಾಣುವಿನ ಬೆಳವಣಿಗೆಯನ್ನು ತಡೆಯುತ್ತದೆ, ಅದನ್ನು ಕೊಲ್ಲುವುದಿಲ್ಲ. ಹೊರತೆಗೆದ ತಣ್ಣನೆ ಮೊಟ್ಟೆ ಬೆವರುತ್ತದೆ. ಆ ಹನಿಗಳ ಜೊತೆ ಹೊರಗಿನ ಕೊಳೆ ರಂಧ್ರದೊಳಕ್ಕೆ ಇಳಿಯಬಹುದು. ನಮ್ಮ ಕಿರಾಣಿ ಅಂಗಡಿಯ ಟ್ರೇ ಬ್ರಿಟನ್ನಿನ ಕಪಾಟಿನಂತೆ ಕಂಡರೂ ಅದರ ಹಿಂದೆ ಅಂಥ ಮುದ್ರೆಯ ಭರವಸೆಯಿಲ್ಲ. ಇಲ್ಲಿ ಹಳದಿ ಗಟ್ಟಿಯಾಗುವ ತನಕ ಬೇಯಿಸುವುದೇ ಸರಿ.